ಅಕ್ಷತೆ ಕೊಟ್ಟು ಕರೆದ ಉತ್ಸವ

ನಮ್ಮ ಕಾಕಾನ ಬಾಯಿಂದ "ಬರ್ರಿ" ಅನ್ನಿಸಿಕೊಂಡವರು ಬಂದ ಕೆಲಸ ಮುಗಿಸಿಕೊಂಡು ಹೋದದ್ದನ್ನು ನಾನಂತೂ ಕಂಡಿಲ್ಲ! ಕರೆಂಟ್ ಮೀಟರ್ ನೋಡಲು ಬಂದವನಿಗೆ ಕಾಲಿಗೆ ನೀರು ಕೊಟ್ಟು, ರೊಟ್ಟಿ ಉಣ್ಣಿಸಿ, ಜಮಖಾನ ಹಾಸಿ ಮಲಗಿಸಿದ. ಆ ಪುಣ್ಯಾತ್ಮ ಸಂಜೆ ಎದ್ದು ಚಹಾ ಕುಡಿದು ಹೋದ. ಮೀಟರ್? ಅದು ಇಬ್ಬರಿಗೂ ನೆನಪಿರಲಿಲ್ಲ.

ಇಂಥವನಿಗೆ ಆಳಂದದ ಬೇಸಿಗೆ ಕಲಾ ಉತ್ಸವದ ಸ್ವಾಗತದ ಹೊಣೆ ಕೊಟ್ಟರೆ ಏನಾಗಬೇಕು? ಎಂಬತ್ತರ ದಶಕದ ಮಾತು. ಊರಿಗೆ ಟಿ.ವಿ. ಆಗಷ್ಟೇ ಬಂದಿತ್ತು. ಹಿಂದಿನ ವರ್ಷ ಕಂಪನಿ ನಾಟಕದ ಹಿರಿಯ ಕಲಾವಿದೆಯೊಬ್ಬರು ಖಾಲಿ ಕುರ್ಚಿಗಳಿಗೆ ಕೈಮುಗಿದು ಹಾಡಿ ಹೋಗಿದ್ದರು. ಈ ವರ್ಷವೂ ಮಂದಿ ಬರದಿದ್ದರೆ ಉತ್ಸವ ಬಂದ್ ಎಂದು ಸಮಿತಿಯ ಅಧ್ಯಕ್ಷರು ಸಾರಿಬಿಟ್ಟಿದ್ದರು.

"ಯಾಕ ಬರಂಗಿಲ್ಲ? ಕರಿಯೋ ರೀತಿಲೆ ಕರದ್ರ ಸತ್ತವರೂ ಎದ್ದು ಬರ್ತಾರ!" ಅಂದ ಕಾಕಾ. ಮರುದಿನವೇ ಸೈಕಲ್ಲೇರಿ ಮಾಯ.

ಉತ್ಸವದ ಸಂಜೆ ನಾನು ಮೈದಾನದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಗುಲಾಬದಾನಿ ಹಿಡಿದು ನಿಂತಿದ್ದೆ. ನಿಂಬರ್ಗಾ ಕಡೆಯಿಂದ ಎತ್ತಿನ ಗಾಡಿಗಳು ಬಂದವು, ಹಿಂದೆ ಸರಸಂಬಾದ ಟ್ರ್ಯಾಕ್ಟರ್. ಇಳಿದವರನ್ನು ನೋಡಿ ಪನ್ನೀರು ಚಿಮುಕಿಸುವುದನ್ನೇ ಮರೆತೆ! ಹೆಂಗಸರ ಮೈಮೇಲೆ ಇಳಕಲ್ ಸೀರೆ, ಗಂಡಸರ ತಲೆಗೆ ಹೊಸ ಪಟಗ. ಕೈಯಲ್ಲಿ ಕುಪ್ಪಸದ ಖಣ, ತೆಂಗಿನಕಾಯಿ, ಸ್ಟೀಲ್ ಡಬ್ಬಿ. ಒಬ್ಬಾಕೆಯಂತೂ ತೊಟ್ಟಿಲನ್ನೇ ಹೊತ್ತು ತಂದಿದ್ದಳು, ಮುಂದೆ ಬೇಕಾಗುತ್ತದಲ್ಲ!

"ಮದುಮಗಳು ಎಲ್ಲಿ ಅದಾಳ್ರಿ?" ಮುಂದಿದ್ದ ಮುದುಕಿ ಕೇಳಿದಳು.

"ಯಾವ ಮದುಮಗಳು, ಆಯಿ?"

"ನಿಮ್ಮ ಕಾಕಾ ಮನೀಗಿ ಬಂದು ಅಕ್ಷತಿ ಕೊಟ್ಟು, 'ಮನಿಮಂದಿ ಎಲ್ಲಾ ಬರ್ರಿ' ಅಂತ ಕೈಮುಗಿದು ಹೋಗ್ಯಾನ. ಮದುವಿ ಅಲ್ದ ಮತ್ತೇನ್ರಿ?"

ಅಯ್ಯೋ ಶಿವನೇ! ನಮ್ಮ ಕಡೆ ಮದುವೆಯ ಅಕ್ಷತೆ ಮನೆ ಮುಟ್ಟಿದ ಮೇಲೆ ಹೋಗದಿದ್ದರೆ ಸಂಬಂಧವೇ ಹರಿಯುತ್ತದೆ. ಈ ಮಹಾಶಯ ಊರೂರನ್ನೇ ಬೀಗರನ್ನು ಕರೆದಂತೆ ಕರೆದು ಬಂದಿದ್ದ! ಕಾಕಾನನ್ನು ಹುಡುಕಿ ಮೂಲೆಗೆ ಎಳೆದೆ.

"ಮದುವಿ ಅಂತ ಸುಳ್ಳ ಹೇಳಿ ಬಂದೀಯೇನು?"

"ಮದುವಿ ಅಂತ ಎಲ್ಲಿ ಅಂದೇನಿ ಲೇ? ಅವರು ಕೇಳಲಿಲ್ಲ, ನಾ ಹೇಳಲಿಲ್ಲ!"

ಕುರ್ಚಿ ತುಂಬಿತ್ತು, ನೆಲ ತುಂಬಿತ್ತು, ಕಾಂಪೌಂಡ್ ಗೋಡೆಯೂ ತುಂಬಿತ್ತು. ಆದರೆ ವಿಷಯ ತಿಳಿದದ್ದೇ ತಡ, ಗುಲ್ಲೆದ್ದಿತು. "ಮದುವಿ ಇಲ್ಲ, ಊಟ ಇಲ್ಲ, ನಡೀರಿ ಊರಿಗಿ!" ಎಂದು ಕೆಲವರು ಎದ್ದೇಬಿಟ್ಟರು. ಅಧ್ಯಕ್ಷರಿಗೆ ಬೆವರು ಕಿತ್ತುಕೊಂಡಿತು.

ಅಷ್ಟರಲ್ಲಿ ಪರದೆ ಸರಿಯಿತು. ಹೋದ ವರ್ಷದ ಅದೇ ಕಲಾವಿದೆ, ತುಂಬಿದ ಮೈದಾನ ಕಂಡು ರಂಗದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಹಾಡಿದರು ನೋಡಿ! ಎದ್ದವರು ಒಬ್ಬೊಬ್ಬರಾಗಿ ಕೂತರು.

ಹಾಡು ಮುಗಿದದ್ದೇ ಆ ಮುದುಕಿ ಖಣ, ಕಾಯಿ ಹಿಡಿದು ರಂಗ ಹತ್ತಿದಳು. "ತಂದದ್ದು ತಿರುಗಿ ಒಯ್ಯಬಾರದವ್ವ. ಉಡಿ ಒಡ್ಡು."

ತವರಿನಿಂದ ಹೊರಡುವ ಹೆಣ್ಣುಮಗಳಿಗೆ ತುಂಬುವ ಉಡಿ ಅದು. ಕಲಾವಿದೆ ಹಿಂದೆ ಸರಿದರು. "ನಾ ನಾಟಕದಾಕಿ, ಆಯಿ. ಮದುವಿ ಆದಾಕಿ ಅಲ್ಲ."

"ಗೊತ್ತದ. ಮಗಳಿಗಿ ಉಡಿ ತುಂಬಾಕ ಅದೆಲ್ಲ ಯಾಕ ಬೇಕು?"

ಹಿಂದೆಯೇ ಹೆಂಗಸರ ಸಾಲು ಹತ್ತಿತು. ಕಲಾವಿದೆ ಸೆರಗೊಡ್ಡಿ ನಿಂತು ಅಳುತ್ತಿದ್ದರು. "ಚಪ್ಪಾಳಿ ಭಾಳ ಮಂದಿ ತಟ್ಟ್ಯಾರ್ರಿ," ಅಂದರು. "ಉಡಿ ಯಾರೂ ತುಂಬಿರಲಿಲ್ಲ."

ಬೈಯಬೇಕೆಂದು ಕಾಕಾನನ್ನು ಹುಡುಕಿಕೊಂಡು ಹೋದವನು, ಅವನ ಕಾಲು ಮುಟ್ಟಿ ಬಂದೆ.