ಭಾವನ ಐದು ಡಬ್ಬಿಗಳು

ಜಯನಗರದಿಂದ ಬನಶಂಕರಿ ಎರಡನೇ ಹಂತಕ್ಕೆ ಆಟೋದಲ್ಲಿ ಎಷ್ಟು ಮಹಾ ದೂರ? ಆದರೆ ಅಷ್ಟರೊಳಗೆ ಏನು ಬೇಕಾದರೂ ಆಗಬಹುದಿತ್ತು. ಹಂಪಿನ ಮೇಲೆ ಆಟೋ ಹಾರಿ, ನನ್ನ ತೊಡೆಯ ಮೇಲಿದ್ದ ಹೊಸ ಹೋಮ್ ಥಿಯೇಟರ್ ರಿಸೀವರ್ ರಸ್ತೆಗುರುಳಿ ಸಿಟಿ ಬಸ್ಸಿನ ಚಕ್ರಕ್ಕೆ ಸಿಗಬಹುದಿತ್ತು. ಮಳೆ ಬರಬಹುದಿತ್ತು. ರಟ್ಟಿನ ಪೆಟ್ಟಿಗೆಯೊಳಗೆ ರಿಸೀವರಿನ ಬದಲು ಇಟ್ಟಿಗೆ ಇರಬಹುದಿತ್ತು. ಮನೆ ತಲುಪಿ ಪ್ಲಗ್ ಹಾಕಿದೊಡನೆ ವೋಲ್ಟೇಜ್ ಏರಿ ಹೊಗೆಯಾಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಕೂತಿದ್ದ ನಮ್ಮ ಭಾವ, "ನಿಲ್ಸಪ್ಪಾ, ವಾಪಸ್ ತಿರುಗ್ಸು!" ಎಂದು ಕೂಗಬಹುದಿತ್ತು. ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಿದ ಯಂತ್ರ ಮನೆಗೆ ತರುವುದಕ್ಕಿಂತ ಇನ್ನೊಂದು ಮದುವೆಯಾಗುವುದು ವಾಸಿ ಎಂದು ಹೇಳಿಕೊಂಡು ಬಂದ ಮನುಷ್ಯ ಅವರು. ಅದೂ ನನ್ನ ಅಕ್ಕನ ಎದುರಿಗೇ!

ನನ್ನದು ಮುಂಗಡವಾಗಿ ಗಾಬರಿಪಡುವ ಜಾತಿ, ನಿಜ. ಆದರೆ ಭಾವನನ್ನು ಬಲ್ಲವರು ಯಾರಾದರೂ ಗಾಬರಿಪಡುತ್ತಿದ್ದರು.

ಅವರ ಹಾಲ್‌ನಲ್ಲಿ, ಬಡಗಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿದ ಸ್ಟ್ಯಾಂಡಿನ ಮೇಲೆ ಮೊದಲು ನಾಲ್ಕು ಡಬ್ಬಿಗಳಿದ್ದವು. ರೇಡಿಯೊ ಹಿಡಿಯಲು ಟ್ಯೂನರ್, ಕ್ಯಾಸೆಟ್ಟಿಗೊಂದು ಡೆಕ್, ದನಿಯನ್ನು ಹದಮಾಡಲು ಪ್ರೀ-ಆಂಪ್ಲಿಫೈಯರ್, ಹದವಾದದ್ದಕ್ಕೆ ಬಲ ತುಂಬಲು ಪವರ್ ಆಂಪ್ಲಿಫೈಯರ್. ಇಷ್ಟೂ ಕೆಲಸವನ್ನು ಒಂದೇ ಡಬ್ಬಿ ಮಾಡುತ್ತದಲ್ಲ ಎಂದು ನಾನೊಮ್ಮೆ ಬಾಯಿ ತಪ್ಪಿ ಕೇಳಿದೆ.

"ಲೋ, ಅನ್ನ ಬೇರೆ, ಹುಳಿ ಬೇರೆ, ಪಲ್ಯ ಬೇರೆ ಬಡಿಸಿದ್ರೆ ಊಟ. ಎಲ್ಲಾ ಕಲಸಿಟ್ರೆ ಅದು ಬಿಸಿಬೇಳೆಬಾತು!"

"ಅದನ್ನ ಮಾಡಿದ ದಿನ ಮಾತ್ರ ಮೂರು ಸಲ ಹಾಕಿಸ್ಕೋತೀರಲ್ಲ," ಎಂದಳು ಅಕ್ಕ ಅಡುಗೆಮನೆಯಿಂದ.

ಅಕ್ಕನೂ ಸುಮ್ಮನಿರುವವಳಲ್ಲ. ಆ ವರ್ಷದ ದಸರಾದಲ್ಲಿ ಗೊಂಬೆ ಕೂರಿಸಲು ಜಾಗವೇ ಇಲ್ಲವೆಂದು ಕೂತಳು. ಭಾವ ಉದಾರಿಗಳು, ಡಬ್ಬಿಗಳ ಮೇಲೆಯೇ ಕೂರಿಸೆಂದರು. "ಮೆಟ್ಟಿಲು ಬೆಸ ಸಂಖ್ಯೇಲಿರ್ಬೇಕು. ನಾಲ್ಕರ ಮೇಲೆ ಯಾರಾದ್ರೂ ಗೊಂಬೆ ಕೂರಿಸ್ತಾರೇನ್ರೀ?" ಎಂದು ಬಾಣ ಬಿಟ್ಟಳು ಅಕ್ಕ. ಹೀಗಾದರೂ ಒಂದು ಡಬ್ಬಿ ತೊಲಗಿ ಮೂರಾಗಲಿ ಎಂಬುದು ಅವಳ ಲೆಕ್ಕಾಚಾರ. ಸಂಜೆ ಭಾವ ದನಿಯ ದಪ್ಪ-ಸಣ್ಣಗಳನ್ನು ಬೇರೆ ಬೇರೆಯಾಗಿ ತಿದ್ದುವ ಈಕ್ವಲೈಸರ್ ಒಂದನ್ನು ಹೊತ್ತುಕೊಂಡು ಬಂದರು. "ತಗೋ, ಐದಾಯ್ತು. ಶಾಸ್ತ್ರ ಬಿಡಬಾರದು ನೋಡು!"

ಪಟ್ಟದ ಗೊಂಬೆಗಳು ಮೇಲಿನ ಪವರ್ ಆಂಪ್ಲಿಫೈಯರ್ ಮೇಲೆ ವಿರಾಜಮಾನವಾದವು. ಒಂಬತ್ತು ದಿನವೂ ರಾಜ-ರಾಣಿಯರ ಅಂಗಾಲು ಬೆಚ್ಚಗಿತ್ತು. ಅರಮನೆಯಲ್ಲಾದರೂ ಆ ಸೌಕರ್ಯವಿತ್ತೆ?

ಐದು ಡಬ್ಬಿಗಳನ್ನು ಹಚ್ಚುವುದಕ್ಕೆ ಒಂದು ಕ್ರಮವಿತ್ತು. ಉಳಿದವೆಲ್ಲ ಮೊದಲು, ಪವರ್ ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ಅದೇ ಮೊದಲು. ತಪ್ಪಿದರೆ ಸ್ಪೀಕರಿನಿಂದ "ಡಬ್!" ಎಂದು ಗುದ್ದಿದಂಥ ಸದ್ದು, ಭಾವ ಎದೆ ಹಿಡಿದುಕೊಳ್ಳುತ್ತಿದ್ದರು. ನಮ್ಮ ಕಡೆಯ ಕರೆಂಟೋ, ಬರುವುದಕ್ಕಿಂತ ಹೋಗುವುದರಲ್ಲೇ ಹೆಚ್ಚು ಶ್ರದ್ಧೆಯುಳ್ಳದ್ದು. ಅದು ಹೋದಾಗಲೆಲ್ಲ ಭಾವ ಊಟದ ಎಲೆ ಬಿಟ್ಟೆದ್ದು, ಬಲಗೈಯಲ್ಲಿ ತುತ್ತು ಹಿಡಿದು ಎಡಗೈಯಲ್ಲಿ ಸ್ವಿಚ್ಚುಗಳನ್ನು ಆರಿಸುತ್ತಿದ್ದರು.

"ಒಂದು ಹಾಡು ಕೇಳ್ಬೇಕಂದ್ರೆ ನೀವು ಆಫೀಸಿಂದ ಬರೋ ತನಕ ಕಾಯ್ಬೇಕು. ನನ್ನ ಮನೇಲಿ ನಾನೇ ಒಂದು ಸ್ವಿಚ್ ಒತ್ತೋ ಹಾಗಿಲ್ವಾ?" ಎನ್ನುತ್ತಿದ್ದಳು ಅಕ್ಕ.

"ಕಲ್ತ್ಕೋ, ಹೇಳ್ಕೊಡ್ತೀನಿ."

ಪಾಠ ಶುರುವೂ ಆಯಿತು. ಇಂಪೀಡೆನ್ಸ್ ಎಂದರೇನು ಎಂಬಲ್ಲಿಗೆ ಬರುವಷ್ಟರಲ್ಲಿ ಒಲೆಯ ಮೇಲೆ ಹಾಲುಕ್ಕಿ, ಶಿಷ್ಯೆ ಓಡಿದವಳು ತಿರುಗಿ ಬರಲಿಲ್ಲ.

ಆಮೇಲೆ ಅಕ್ಕನ ಕಣ್ಣು ಮಂಜಾಗತೊಡಗಿತು. ಗ್ಲಾಕೋಮಾ ಎಂದರು ಡಾಕ್ಟರು. ಹೋದ ನೋಟ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳೋಣ ಎಂದರು. ವಾರಪತ್ರಿಕೆಯ ಧಾರಾವಾಹಿ ಓದದೆ ಕಾಫಿ ಕುಡಿಯದಿದ್ದವಳು ಪತ್ರಿಕೆ ತರಿಸುವುದನ್ನೇ ಬಿಟ್ಟಳು. ಒಂದು ಮಧ್ಯಾಹ್ನ ಭಾವ ಆಫೀಸಿನಿಂದ ಬೇಗ ಬಂದು ಬಾಗಿಲು ತೆರೆಯುತ್ತಾರೆ, ಅಕ್ಕ ಸ್ಟ್ಯಾಂಡಿನ ಮುಂದೆ ನಿಂತು ಡಬ್ಬಿಗಳನ್ನು ತಡವುತ್ತಿದ್ದಾಳೆ. "ಡಬ್!" ಎಂದಿತು. ಅಕ್ಕ ಬೆಚ್ಚಿ ಕೈ ಸೆರಗಿನಲ್ಲಿ ಬಚ್ಚಿಟ್ಟುಕೊಂಡು, "ಏನೂ ಕೆಡ್ಲಿಲ್ಲ ತಾನೇ?" ಎಂದಳಂತೆ.

ಭಾವ ಅಂದು ಏನು ಹೇಳಿದರೋ ತಿಳಿಯದು. ಭಾನುವಾರ ಬೆಳಿಗ್ಗೆ ನನ್ನ ಮನೆ ಬಾಗಿಲಲ್ಲಿ ನಿಂತಿದ್ದರು. "ನಡಿಯೋ, ಆಲ್-ಇನ್-ಒನ್ ತರೋಣ."

ಅಂಗಡಿಯ ಹುಡುಗ ಹುರುಪಿನಿಂದ ಶುರುಮಾಡಿದ. "ಐದು ಸ್ಪೀಕರ್ ಸಾರ್, ಬೇಸ್ ಅಂತೂ ಸಖತ್! ಕಿಟಕಿ ಗಾಜು ಅದುರುತ್ತೆ!"

ಭಾವ ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಒಂದೊಂದು ರಿಸೀವರಿನ ಮುಖವನ್ನೂ ಬೆರಳಿನಿಂದ ತಡವತೊಡಗಿದರು. ಜನ ನಿಂತು ನೋಡಿದರು. ನಾನು ನನಗೆ ಸಂಬಂಧವಿಲ್ಲದವನಂತೆ ಫ್ರಿಜ್ಜುಗಳ ಕಡೆ ಸರಿದೆ.

"ಸಾರ್, ಸೌಂಡ್ ಕೇಳಲ್ವಾ?"

"ಸೌಂಡ್ ಇರ್ಲಪ್ಪಾ. ಇದ್ರಲ್ಲಿ ಬಟನ್ ಜಾಸ್ತಿ ಆಯ್ತು. ಇನ್ನೊಂದು ತೋರ್ಸು."

ಮೂವತ್ತು ವರ್ಷ ಸೌಂಡಿಗಾಗಿ ಬದುಕಿದ ಮನುಷ್ಯ ಸೌಂಡೇ ಕೇಳದೆ ರಿಸೀವರ್ ಕೊಂಡರು.

ಆಟೋ ಮಗುಚಲಿಲ್ಲ. ಮಳೆ ಬರಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟಿಗೆಯಿರಲಿಲ್ಲ. ಭಾವ ವಾಪಸ್ ತಿರುಗಿಸೆನ್ನಲಿಲ್ಲ. ಐದೂ ಡಬ್ಬಿಗಳನ್ನು ಹಳೆಯ ಪಂಚೆಗಳಲ್ಲಿ ಸುತ್ತಿ ನನ್ನಿಂದ ಅಟ್ಟಕ್ಕೆ ಹಾಕಿಸಿದರು. ಹೊಸದಕ್ಕೆ ವೈರು ಜೋಡಿಸಿ, ರೇಡಿಯೊಗೆ ತಿರುಗಿಸಿಟ್ಟು, ಒಳಗಿನ ಕನ್ನಡಿಯಿಂದ ಅಕ್ಕನ ಸ್ಟಿಕ್ಕರ್ ಬೊಟ್ಟೊಂದನ್ನು ಕಿತ್ತು ತಂದು ಪವರ್ ಬಟನ್ ಮೇಲೆ ಅಂಟಿಸಿದರು. ಅಕ್ಕನನ್ನು ಕರೆದು, ಅವಳ ಬೆರಳು ಹಿಡಿದು ಅದರ ಮೇಲಿಟ್ಟರು.

"ಇಲ್ಲಿ. ಇದೊಂದೇ. ಒತ್ತು."

ಅಕ್ಕ ಒತ್ತಿದಳು. ಡಬ್ ಎನ್ನಲಿಲ್ಲ, ಹೊಗೆ ಬರಲಿಲ್ಲ. ಯಾರೋ ಹೆಣ್ಣುಮಗಳು ಹಾಡುತ್ತಿದ್ದಳು, ಹಾಲ್ ತುಂಬಿತು. ಅಕ್ಕ ಬೆರಳು ಹಿಂದೆಗೆದಳು. ಬೊಟ್ಟು ಬೆರಳಿಗಂಟಿಕೊಂಡು ಕಿತ್ತುಬಂತು. ಕೆಟ್ಟದ್ದು ಅಂತ ಆಗಿದ್ದರೆ ಅದೊಂದೇ.

"ಅಯ್ಯೋ, ಬೊಟ್ಟು ಬಂದ್ಬಿಡ್ತಲ್ರೀ!"

"ಬರ್ಲಿ ಬಿಡೇ. ಗೋಂದು ಹಚ್ಚಿ ಇನ್ನೊಂದು ಅಂಟಿಸ್ತೀನಿ."

ಅಕ್ಕ ಇನ್ನೊಂದು ಕೈಯಿಂದ ಅವರ ಮುಖ ತಡವಿದಳು. ಮೂಗು ಸಿಕ್ಕಿತು, ಕನ್ನಡಕ ಸಿಕ್ಕಿತು. ಅಲ್ಲಿಂದ ಮೇಲಕ್ಕೆ ಅಂದಾಜಿನ ಮೇಲೆ ಬೊಟ್ಟನ್ನು ಒತ್ತಿ ನಕ್ಕಳು. ಭಾವ ಅದನ್ನು ಕೀಳಲಿಲ್ಲ, ಅಲುಗಾಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು:

"ಮಧ್ಯಕ್ಕಿದೆಯೇನೋ?"

ಎಡಹುಬ್ಬಿನ ತುದಿಯ ಮೇಲಿತ್ತು.

"ಸರಿಯಾಗಿ ಮಧ್ಯಕ್ಕೇ ಇದೆ ಭಾವ," ಎಂದೆ.