ತಾರಸಿ ಮೇಲಿನ ಏಳು ಕಲ್ಲು

ನನ್ನ ತಂಗಿ ಮಗಳು ಮನುಷ್ಯರ ಜಾತಕ ನಂಬುವುದಿಲ್ಲ, ಕಲ್ಲಿನ ಜಾತಕ ಮಾತ್ರ ಬರೀತಾಳೆ. ಅದೇ ಅವಳ ಕೆಲಸ! ಬೆಂಕಿ ಕಾರುವ ಬೆಟ್ಟಕ್ಕೆ ಹೋಗಿ ಕಲ್ಲು ಹೊತ್ತು ತಂದು, ಇದಕ್ಕೆಷ್ಟು ವಯಸ್ಸು ಅಂತ ಲೆಕ್ಕ ಹಾಕೋದು. ಇದನ್ನು ಕೇಳಿದ ಹೆಸರಘಟ್ಟದ ಗಂಡಿನವರು ಉಪ್ಪಿಟ್ಟು ಮುಗಿಸಿ ಎದ್ದವರು ಇವತ್ತಿಗೂ ಫೋನ್ ಮಾಡಿಲ್ಲ.

ಯಲಹಂಕದಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ. ಕಲ್ಲಿನ ವಯಸ್ಸು ಕಟ್ಟಿಕೊಂಡು ಯಾರಿಗೇನಾಗಬೇಕು ಅಂತ ಒಂದಿನ ಕೇಳಿದೆ. ಬೆಟ್ಟ ಕಾರಿದ ಕಲ್ಲು ತೀರಾ ಹಳೇದಾದರೆ ಒಳಗೆ ಆರಿಹೋಗಿರುತ್ತೆ, ಎಳೇದಾದರೆ ಕೆಳಗಿನ್ನೂ ಕಾವಿರುತ್ತೆ, ಆ ಕಾವಿಗೆ ನೀರು ಕಾದು ಹಬೆಯಾದರೆ ಕರೆಂಟ್ ತೆಗೀಬಹುದು ಅಂದಳು. ಅಂದರೆ ಬೂದಿ ನೋಡಿ ಕೆಂಡ ಇದೆಯಾ ಅಂತ ಹೇಳೋದು. ಅಷ್ಟಕ್ಕೆ ಇಷ್ಟು ವರ್ಷ ಓದಬೇಕಿತ್ತಾ? ಎಳೇದು ಅಂದರೆ ಎಷ್ಟು ಅಂದೆ.

"ಒಂದು ಲಕ್ಷ ವರ್ಷ ಅಂದ್ಕೋ ದೊಡ್ಡಮ್ಮ. ಕೂಸು ಅದು."

ನಮ್ಮೂರ ಬಂಡೆ ಹೆಂಗೆ ಅಂದೆ. ಅದು ಯಾವತ್ತೋ ತಣ್ಣಗಾಗಿದೆಯಂತೆ. ನಮ್ಮ ಬೋರ್‌ವೆಲ್‌ನಲ್ಲಿ ತಣ್ಣೀರಿಗೇ ಗತಿಯಿಲ್ಲ, ಇನ್ನು ಹಬೆಗೆಲ್ಲಿ ಹೋಗೋದು!

ಹೋದ ಶುಕ್ರವಾರ ಬೆಳಿಗ್ಗೆ ತಾರಸಿಗೆ ಹೋದರೆ ಏಳು ಕಪ್ಪು ಕಲ್ಲು ಸಾಲಾಗಿ ಕೂತಿವೆ. ನಮ್ಮ ಕಡೆ ಏಳು ಕಲ್ಲು ಸಾಲಾಗಿ ಕೂತರೆ ಏನರ್ಥ? ಕೆರೆ ಏರಿ ಮೇಲೆ ಕೂರಿಸಿ ಪೂಜೆ ಮಾಡುವ ಏಳು ಜನ ಅಕ್ಕಯ್ಯಮ್ಮಂದಿರು! ದೇವರಿಲ್ಲ ಅಂತಿದ್ದ ಹುಡುಗಿಗೆ ಬುದ್ಧಿ ಬಂತು ಅಂದುಕೊಂಡೆ. ಒಂದೊಂದರ ಮುಂದೂ ಒಂದೊಂದು ಚೀಟಿ ಬಿದ್ದಿತ್ತು. ದೇವರ ಮುಂದೆ ಕಸ ಯಾಕೆ ಅಂತ ಗುಡಿಸಿ ನೀರೊಲೆಗೆ ಹಾಕಿದೆ. ಕಲ್ಲಿಗೆ ನೀರು ಹುಯ್ದು, ಅರಿಶಿನ ಕುಂಕುಮ ಇಟ್ಟು, ಹೂ ಏರಿಸಿ ಬಂದೆ.

ಸಂಜೆ ಬಂದವಳು ಅರಿಶಿನ ನೋಡಿ ನಕ್ಕಳು. ಒಡೆದು ಒಳಗಿನದು ತಗೋತೀನಿ, ಮೇಲೇನಿದ್ದರೂ ಪರವಾಗಿಲ್ಲ ಅಂದಳು. ಆಮೇಲೆ ಚೀಟಿ ಕೇಳಿದಳು. ಸುಟ್ಟೆ ಅಂದೆ.

ಅಲ್ಲೇ ಕೂತುಬಿಟ್ಟಳು. ಯಾವ ಕಲ್ಲು ಬೆಟ್ಟದ ಯಾವ ಪದರದ್ದು ಅಂತ ಇದ್ದದ್ದು ಆ ಚೀಟಿಯಲ್ಲೇ. ಕೆಳಗಿನ ಪದರದ್ದು ಮೊದಲು, ಮೇಲಿನದು ಕೊನೆಗೆ ಅಂತ ಸಾಲಾಗಿಟ್ಟು ಒಣಗಿಸಿದ್ದಳಂತೆ. ಒಂದೇ ಒಂದು ಅದಲುಬದಲಾಗಿದ್ದರೂ ಎರಡು ವರ್ಷದ ಕೆಲಸ ಹೋಯಿತು.

"ಒಂದನ್ನಾದರೂ ಎತ್ತಿದ್ಯಾ ದೊಡ್ಡಮ್ಮ? ನಿಜ ಹೇಳು."

"ಕೂತ ದೇವರನ್ನ ಯಾರಾದರೂ ಕದಲಿಸ್ತಾರೇನೆ? ಮೇಲಿಂದಲೇ ನೀರು ಹುಯ್ದೆ."

ಮೂರು ಸಲ ಕೇಳಿದಳು. ಮೂರು ಸಲವೂ ಅದನ್ನೇ ಹೇಳಿದೆ. ಹಾಲಿನವನು ಹಾಲು ಅಂದರೂ ನಂಬದೆ ಬೆರಳದ್ದಿ ನೋಡುವ ಜಾತಿ ಅವಳದು, ನನ್ನ ಮಾತು ಯಾವ ಲೆಕ್ಕ? ಕೊನೆಗೆ ನೋಟ್‌ಬುಕ್ ತೆಗೆದು ಏನೋ ಬರೆದಳು. ನನಗೆ ಅಕ್ಷರ ಕೂಡಿಸಿ ಓದೋದು ನಿಧಾನ, ನೀನೇ ಓದು ಅಂದೆ.

"ಕಲ್ಲುಗಳ ಸಾಲು ಕದಲಿಲ್ಲ. ಆಧಾರ, ನಮ್ಮ ದೊಡ್ಡಮ್ಮನ ಮಾತು."

ರೇಷನ್ ಅಂಗಡಿಯವರು, ಬ್ಯಾಂಕಿನವರು, ನಮ್ಮ ಹೊಲ ಬರೆಸಿಕೊಂಡವರು, ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡವರು ಬೇಕಾದಷ್ಟು ಜನ. ನನ್ನ ಮಾತು ಬರೆದುಕೊಂಡವಳು ಇವಳೊಬ್ಬಳೇ.