ಮುನ್ನೂರೈವತ್ತು ಚದರಡಿಯ ನಮ್ಮ ಹಾಲ್

ಕಾಮೋಠೆ,
೨೦೧೧, ದಸರೆಯ ಮಾರನೆಯ ದಿನ

ಮಾನ್ಯ ಎಸ್ಟಿಮೇಟ್ ಕಂಪ್ಯೂಟರ್ ಮಹಾಶಯರೇ,

ಟೈಲ್ಸ್ ಅಂಗಡಿಯ ಕೌಂಟರಿನ ಮೇಲೆ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಮಾಲೆ ಧರಿಸಿ ವಿರಾಜಮಾನರಾಗಿರುವ ತಮಗೆ ನಾಲ್ಕನೆಯ ಮಹಡಿಯ ರಮಾಕಾಂತನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗಕ್ಕೆ ನಮ್ಮಲ್ಲಿ ಈಗ ಜಾಗದ ಕೊರತೆಯಿಲ್ಲ. ಅದು ಹೇಗೆಂಬುದೇ ಈ ಪತ್ರದ ವಿಷಯ.

ನನ್ನ ಹೆಂಡತಿ ಅನಸೂಯ ಹನ್ನೆರಡು ವರ್ಷ ಊರವರ ಸೀರೆಗೆಲ್ಲ ಫಾಲ್ ಹಚ್ಚಿ ಕೂಡಿಸಿದ ದುಡ್ಡಿನಲ್ಲಿ ಹಾಲ್‌ಗೆ ಹೊಸ ಟೈಲ್ಸ್ ಹಾಕಿಸಿ, ಮಿಕ್ಕಿದ್ದರಲ್ಲಿ ಎರಡು ಹಳೆಯ ಹೊಲಿಗೆ ಮಶೀನು ತಂದು, ದಸರೆಗೆ ಅಲ್ಲಿಯೇ ಕ್ಲಾಸು ಶುರು ಮಾಡುವವಳಿದ್ದಳು. ಗೌಂಡಿ ಶಂಭು ಹಾಲ್‌ನಲ್ಲಿ ನಾಲ್ಕು ಹೆಜ್ಜೆ ಆ ಕಡೆ ಈ ಕಡೆ ಇಟ್ಟು ಹನ್ನೊಂದು ಬಾಕ್ಸು ಸಾಕೆಂದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತೆರಡು ತೆಗೆದವನು ಹೆಜ್ಜೆಯ ಲೆಕ್ಕ ಒಪ್ಪುವುದುಂಟೇ? ಕಪಾಟು, ದಿವಾನ, ಅಕ್ಕಿಡಬ್ಬಿಗಳ ನಡುವೆ ಟೇಪು ನೆಟ್ಟಗೆ ಚಾಚದ ಕಾರಣ ನಾನು ತಲೆ ಓಡಿಸಿದೆ: ಫ್ಲ್ಯಾಟಿನ ಅಗ್ರಿಮೆಂಟಿನಲ್ಲಿ ಆರುನೂರು ಚದರಡಿ ಎಂದಿದೆ, ಬೆಡ್‌ರೂಮು, ಅಡುಗೆಮನೆ, ಬಚ್ಚಲು ಅಳೆದರೆ ಇನ್ನೂರೈವತ್ತು, ಅಂದಮೇಲೆ ಉಳಿದ ಮುನ್ನೂರೈವತ್ತೂ ಹಾಲ್.

ತಾವಾದರೋ ಆ ಅಂಕಿಯನ್ನು ಹುಬ್ಬು ಗಂಟಿಕ್ಕದೆ ಸ್ವೀಕರಿಸಿ, ಒಡೆದುಹೋಗುವ ಟೈಲ್ಸನ್ನೂ ಕರುಣೆಯಿಂದ ಸೇರಿಸಿ, ಕಣ್ಣು ಮಿಟುಕಿಸುವುದರೊಳಗೆ ಇಪ್ಪತ್ತೈದು ಬಾಕ್ಸು, ಅದಕ್ಕೆ ತಕ್ಕ ಸಿಮೆಂಟು, ಮರಳು ಎಂದು ಅಪ್ಪಣೆ ಕೊಡಿಸಿದಿರಿ. ಆ ಅಗ್ರಿಮೆಂಟನ್ನು ಬರೆದವನೂ ನಂಬಿರಲಿಲ್ಲ. ನಂಬಿದವರು ತಾವೊಬ್ಬರು, ನಾನೊಬ್ಬ.

ಶಂಭು ಕೆಲಸ ಮುಗಿಸಿದಾಗ ಹಾಲ್ ನೂರೈವತ್ತು ಚದರಡಿಗೇ ಮುಗಿದಿತ್ತು, ಹದಿನಾಲ್ಕು ಬಾಕ್ಸು ಹಾಗೇ ಉಳಿದಿದ್ದವು. ಆರುನೂರರಲ್ಲಿ ಮೆಟ್ಟಿಲು, ಲಿಫ್ಟು, ಲಾಬಿಯ ಪಾಲೂ ಸೇರಿರುತ್ತದೆ, ಈ ಊರಿನಲ್ಲಿ ಅದನ್ನೇ ಸೂಪರ್ ಬಿಲ್ಟ್‌ಅಪ್ ಅನ್ನುತ್ತಾರೆ ಎಂದು ಅವನು ನಗು ತಡೆದುಕೊಂಡು ನನಗೆ ಪಾಠ ಹೇಳಿದ. ಅಂಗಡಿಯವರು ತಮ್ಮ ಪಕ್ಕದಲ್ಲೇ ತೂಗುಹಾಕಿರುವ 'ಕೊಟ್ಟ ಮಾಲು ವಾಪಸ್ ಇಲ್ಲ' ಎಂಬ ಬೋರ್ಡು ತೋರಿಸಿದರು. ಮಶೀನಿನ ದುಡ್ಡು ಬಾಕ್ಸುಗಳೊಳಗೆ, ಬಾಕ್ಸುಗಳು ಮಶೀನಿಡಬೇಕಾದ ಜಾಗದಲ್ಲಿ. ಅನಸೂಯ ಎರಡು ದಿನ ಸಾರಿಗೆ ಉಪ್ಪು ಹಾಕಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು, ಮಹಾಶಯರೇ.

ಮೂರನೆಯ ದಿನ ಅವಳು ಬಾಗಿಲು ತೆಗೆದು, ಹೊರಗಿನ ಲಾಬಿಯ ಕಿತ್ತುಹೋದ ನೆಲವನ್ನು ನೋಡುತ್ತ ನಿಂತು, "ಇದಕ್ಕೂ ನಾವು ರೊಕ್ಕಾ ಕೊಟ್ಟೇವಲ್ಲ, ಅಗ್ರಿಮೆಂಟಿನಾಗ ಅದ ಅಲ್ಲ?" ಎಂದಳು. ಆಮೇಲೆ ಸೊಸೈಟಿಯ ಸೆಕ್ರೆಟರಿ ಊರ್ಮಿಳಾತಾಯಿಯ ಮನೆಗೆ ತಾನೇ ಹೋಗಿ, ಲಾಬಿ ರಿಪೇರಿಗೆಂದು ಸೊಸೈಟಿ ಎರಡು ವರ್ಷದಿಂದ ಎತ್ತಿಟ್ಟ ಹಣದಿಂದ ಕೊಳ್ಳುವಂತೆ ಒಪ್ಪಿಸಿ, ಹದಿನಾಲ್ಕು ಬಾಕ್ಸನ್ನೂ ಮಿಕ್ಕ ಸಿಮೆಂಟನ್ನೂ ಕೊಂಡ ಬೆಲೆಗೇ ದಾಟಿಸಿ ಬಂದಳು. ಶಂಭು ಈ ಸಲವೂ ಲಾಬಿಯನ್ನು ಹೆಜ್ಜೆ ಹಾಕಿಯೇ ಅಳೆದು ಇನ್ನೂರು ಚದರಡಿ ಎಂದಾಗ ನಾನು ಅದನ್ನೇ ಬರೆದುಕೊಂಡೆ. ಮಶೀನುಗಳು ಬಂದವು, ನಿನ್ನೆ ಐವರು ಹೆಂಗಸರೊಡನೆ ಕ್ಲಾಸು ಶುರುವಾಯಿತು.

ಆದ್ದರಿಂದ ನನ್ನ ದೂರು ಅತಿ ಚಿಕ್ಕದು. ಇನ್ನು ಮುಂದೆ ಗಿರಾಕಿಗಳನ್ನು, 'ಹಾಲ್ ಕಾಗದದ ಮೇಲಿನದೋ, ಕಾಲಿಡಲು ಬರುವಂಥದೋ?' ಎಂದು ತಾವು ಮೊದಲೇ ವಿಚಾರಿಸಬೇಕು. ಲಿಫ್ಟಿನಲ್ಲಿರುವ ನನ್ನ ಪಾಲಿಗೂ, ಅದು ನಮ್ಮ ಮಹಡಿಗೆ ಬಂದಾಗ ಮಾತ್ರ ಕಾಣುವಂತೆ, ಟೈಲ್ಸಿನ ಎಸ್ಟಿಮೇಟ್ ಒಂದನ್ನು ದಯಪಾಲಿಸಬೇಕು. ಉಳಿದಂತೆ ತಮ್ಮದೇ ಸರಿ: ಒಳಗೂ ಹೊರಗೂ ಒಂದೇ ಟೈಲ್ಸು, ಬಾಗಿಲು ತೆರೆದಿಟ್ಟರೆ ನಮ್ಮ ಹಾಲ್ ಲಿಫ್ಟಿನವರೆಗೂ ಹೋಗಿ ಸರಿಯಾಗಿ ಮುನ್ನೂರೈವತ್ತು ಚದರಡಿಯಾಗುತ್ತದೆ.

ಇಂತು, ಲೆಕ್ಕದಲ್ಲಿ ಎಂದೂ ತಪ್ಪದ
ತಮ್ಮ ವಿಶ್ವಾಸಿ,
ರಮಾಕಾಂತ

ತಾ.ಕ.: ನನ್ನ ಟೇಪು ಈಗ ಅನಸೂಯಳ ಹೊಲಿಗೆ ಡಬ್ಬಿಯಲ್ಲಿ ಜಪ್ತಿಯಾಗಿದೆ. ನಿನ್ನೆಯ ಮೊದಲ ಪಾಠದಲ್ಲಿ ಅವಳು, ಅಳತೆಯನ್ನು ಮೈಮೇಲೆ ಟೇಪಿಟ್ಟೇ ತೆಗೆಯಬೇಕು, ಎಲ್ಲೋ ಬರೆದಿದ್ದನ್ನು ನೋಡಿ ಬಟ್ಟೆ ಕತ್ತರಿಸಬಾರದು ಎಂದು ಹೇಳಿಕೊಟ್ಟಳು. ಐವರೂ ತಿರುಗಿ ನನ್ನನ್ನೇ ನೋಡಿದರು.